ತಿರುಪುಮೊಳೆಗೆ ಅಳತೆ ಕೊಟ್ಟ ಜೋಸೆಫ್ ವಿಟ್‌ವರ್ತ್

ಕೋವಿಯ ಗುರಿಯೆಂದರೆ ನಳಿಗೆ, ಮದ್ದು ಮತ್ತು ಹೊಡೆಯುವವನ ಕಣ್ಣು, ಈ ಮೂರರ ಸಂಗತಿಯೆಂದೇ ಸಾಮಾನ್ಯವಾಗಿ ನಾವು ತಿಳಿದಿರುತ್ತೇವೆ. ಆದರೆ ರೈಫಲ್ ಇಟ್ಟುಕೊಂಡವರನ್ನು ಕೇಳಿ ನೋಡಿದರೆ ಬೇರೆಯೇ ಒಂದು ದೂರು ಕೇಳಿಬರುತ್ತದೆ. ಮಳೆಗಾಲ ಮುಗಿದ ಮೇಲೆ ಕೋವಿಯನ್ನು ಬಿಚ್ಚಿ, ಒರಸಿ, ಎಣ್ಣೆ ಹಚ್ಚಿ ಮತ್ತೆ ಕೂಡಿಸಿದ್ದಾಯಿತು. ಒಂದು ತುಂಡೂ ಬದಲಾಗಿಲ್ಲ. ಆದರೂ ಗುಂಡು ಮೊದಲಿನ ಜಾಗಕ್ಕೆ ಬೀಳುವುದಿಲ್ಲ, ಒಂದು ಗೇಣು ಆಚೆಗೋ ಈಚೆಗೋ ಹೋಗುತ್ತದೆ. ಇದಕ್ಕೆ ಕಾರಣವನ್ನು ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಕೋವಿಯ ಅಡಿಭಾಗದಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತ ಎರಡು ತಿರುಪುಮೊಳೆಗಳು.

ಗುಂಡು ತುಂಬಿ ಸಿಡಿಸುವ ಉಕ್ಕಿನ ಭಾಗಕ್ಕೆ ಆಕ್ಷನ್ ಎಂದು ಹೆಸರು. ಅದಕ್ಕೆ ನಳಿಗೆ ಜೋಡಿಸಿರುತ್ತದೆ. ಈ ಎರಡನ್ನೂ ಮರದ ಸ್ಟಾಕಿನಲ್ಲಿ ಕೆತ್ತಿದ ಹಾಸಿನೊಳಗೆ ಕೂರಿಸಿ ಕೆಳಗಿನಿಂದ ಸ್ಕ್ರೂಗಳಿಂದ ಬಿಗಿಯುತ್ತಾರೆ. ಹಾಸು ಸರಿಯಾಗಿದ್ದರೆ ಉಕ್ಕು ತನ್ನಷ್ಟಕ್ಕೆ ತಾನೇ ಎಲ್ಲ ಕಡೆಯೂ ತಾಗಿ ಕುಳಿತಿರುತ್ತದೆ, ಸ್ಕ್ರೂ ಅದನ್ನು ಹಿಡಿದುಕೊಂಡಿದ್ದರೆ ಸಾಕು. ಹಾಸಿನಲ್ಲಿ ಒಂದೆಡೆ ಉಬ್ಬು, ಒಂದೆಡೆ ತಗ್ಗು ಇದ್ದರೆ ಸ್ಕ್ರೂ ಬಿಗಿಯುವ ಕೈ ಉಕ್ಕನ್ನೇ ಬಿಲ್ಲಿನಂತೆ ಬಾಗಿಸುತ್ತದೆ. ಬಾಗಿದ ಉಕ್ಕಿನಿಂದ ಹೊರಟ ಗುಂಡು ಒಂದೇ ಜಾಗಕ್ಕೆ ಹೋಗುವುದೆಂಬ ಭರವಸೆ ಇಲ್ಲ. ಆಟಿ ತಿಂಗಳ ಮಳೆಗೆ ಮನೆಯ ಬಾಗಿಲುಗಳೇ ಊದಿಕೊಂಡು ಹಾಕಲು ಬಾರದಂತಾಗುವ ನಮ್ಮ ಕಡೆಯವರಿಗೆ, ಕೋವಿಯ ಮರ ಏನೇನು ಆಟ ಆಡಬಹುದೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಮನಾದ ತಳ, ಅಳತೆಯುಳ್ಳ ತಿರುಪು, ತಪ್ಪದ ಗುರಿ. ಈ ಮೂರನ್ನೂ ಒಂದೇ ಜೀವಮಾನದಲ್ಲಿ ಬೆನ್ನಟ್ಟಿದ ಒಬ್ಬ ಮನುಷ್ಯ ಇಂಗ್ಲೆಂಡಿನಲ್ಲಿದ್ದ. ಐ.ಟಿ.ಐ.ಯಲ್ಲಿ ಫಿಟ್ಟರ್ ಕೆಲಸ ಕಲಿತವರಿಗೆ ಆತನ ಹೆಸರು ಒಂದು ಬಗೆಯ ಥ್ರೆಡ್ಡಿನ ಹೆಸರಾಗಿ ಗೊತ್ತು. ಅದು ಒಬ್ಬ ಮನುಷ್ಯನ ಹೆಸರೆಂಬುದು ಅವರಲ್ಲಿಯೂ ಬಹಳ ಮಂದಿಗೆ ತಿಳಿಯದು.

ಜೋಸೆಫ್ ವಿಟ್‌ವರ್ತ್ ಹುಟ್ಟಿದ್ದು 1803ನೇ ಇಸವಿಯ ಡಿಸೆಂಬರ್ 21ರಂದು, ಮ್ಯಾಂಚೆಸ್ಟರಿಗೆ ಸಮೀಪದ ಸ್ಟಾಕ್‌ಪೋರ್ಟ್ ಪಟ್ಟಣದಲ್ಲಿ. ತಂದೆ ಚಾರ್ಲ್ಸ್ ಶಾಲಾ ಮಾಸ್ತರ, ಮುಂದೆ ಪಾದ್ರಿಯಾದವನು. ಮಾಸ್ತರರ ಮಕ್ಕಳಿಗೆ ಮನೆಯಲ್ಲಿಯೇ ಪಾಠ ಶುರುವಾಗುವುದು ಎಲ್ಲ ದೇಶಗಳಲ್ಲಿಯೂ ಇರುವ ರೂಢಿ. ಈ ಹುಡುಗನಿಗೂ ಹಾಗೆಯೇ ಆಯಿತು. ಹನ್ನೆರಡರ ಪ್ರಾಯದಲ್ಲಿ ಲೀಡ್ಸ್ ಬಳಿಯ ಐಡ್ಲ್ ಎಂಬಲ್ಲಿನ ಶಾಲೆಗೆ ಹೋದ. ಹದಿನಾಲ್ಕಕ್ಕೆ ಓದು ಮುಗಿಯಿತು. ಡರ್ಬಿಶೈರಿನಲ್ಲಿ ಹತ್ತಿಯ ಗಿರಣಿ ನಡೆಸುತ್ತಿದ್ದ ಬಂಧುವೊಬ್ಬನ ಕೈಕೆಳಗೆ ಹುಡುಗನನ್ನು ಸೇರಿಸಿದರು. ವ್ಯಾಪಾರ ಕಲಿತು ಮುಂದೆ ಗಿರಣಿಯಲ್ಲಿ ಪಾಲುದಾರನಾಗಲಿ ಎಂಬುದು ಹಿರಿಯರ ಲೆಕ್ಕಾಚಾರ. ಹುಡುಗನ ಕಣ್ಣು ಮಾತ್ರ ಲೆಕ್ಕದ ಪುಸ್ತಕದಲ್ಲಿ ನಿಲ್ಲದೆ ಯಂತ್ರಗಳಲ್ಲಿ ನೆಟ್ಟಿತು. ಗಿರಣಿಯ ಯಂತ್ರಗಳು ಎಷ್ಟು ಒರಟಾಗಿ, ಎಷ್ಟು ಅಳತೆಗೆಟ್ಟು ತಯಾರಾಗಿವೆ ಎಂಬುದೇ ಆತನ ತಲೆ ತಿಂದಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಪಾಲುದಾರಿಕೆಯ ಆಸೆಗೆ ಎಳ್ಳುನೀರು ಬಿಟ್ಟು ಮ್ಯಾಂಚೆಸ್ಟರಿಗೆ ನಡೆದು, ಯಂತ್ರ ತಯಾರಿಸುವ ಅಂಗಡಿಯಲ್ಲಿ ಕೂಲಿಗೆ ನಿಂತ. ಗಿರಣಿಯ ಮಾಲಿಕನಾಗಬಹುದಾಗಿದ್ದವನು ಅರವನ್ನು ಕೈಗೆತ್ತಿಕೊಂಡದ್ದನ್ನು ಮನೆಯವರು ಹೇಗೆ ಕಂಡಿರಬಹುದೆಂಬುದನ್ನು, ಮಕ್ಕಳನ್ನು ಆಫೀಸಿನ ಕುರ್ಚಿಯಲ್ಲಿಯೇ ಕಾಣಬಯಸುವ ನಾವು ಸುಲಭವಾಗಿ ಊಹಿಸಬಲ್ಲೆವು.

1825ರಲ್ಲಿ ಫ್ಯಾನಿ ಆಂಕರ್ಸ್ ಎಂಬವಳನ್ನು ಮದುವೆಯಾಗಿ ಆತ ಲಂಡನ್ನಿಗೆ ಹೋದ. ಆ ಕಾಲಕ್ಕೆ ಹೆನ್ರಿ ಮೋಡ್ಸ್ಲೆಯ ವರ್ಕ್‌ಶಾಪ್ ಎಂದರೆ ಯಂತ್ರ ಕೆಲಸಗಾರರ ಗುರುಕುಲವಿದ್ದಂತೆ. ಅಲ್ಲಿ ಬೆಂಚಿನ ಮುಂದೆ ನಿಂತು ವಿಟ್‌ವರ್ತ್ ಕೆಲಸ ಕಲಿತ. ಬಳಿಕ ಹೋಲ್ಟ್‌ಜಾಫೆಲ್ ಅವರಲ್ಲಿ, ಆಮೇಲೆ ಜೋಸೆಫ್ ಕ್ಲೆಮೆಂಟನಲ್ಲಿ ದುಡಿದ. ಗಣಿತಜ್ಞ ಬ್ಯಾಬೇಜನ ಲೆಕ್ಕ ಹಾಕುವ ಯಂತ್ರದ ಭಾಗಗಳು ತಯಾರಾಗುತ್ತಿದ್ದುದು ಈ ಕ್ಲೆಮೆಂಟನ ಅಂಗಡಿಯಲ್ಲಿಯೇ.

ಲಂಡನ್ನಿನ ಈ ವರ್ಷಗಳಲ್ಲಿ ಆತನನ್ನು ಹಿಡಿದ ಹುಚ್ಚು ಒಂದೇ: ನಿಜವಾಗಿಯೂ ಸಮತಟ್ಟಾದ ಒಂದು ಕಬ್ಬಿಣದ ಹಲಗೆಯನ್ನು ಮಾಡುವುದು ಹೇಗೆ? ಓದುಗರಿಗೆ ಇದು ಸಣ್ಣ ಸಂಗತಿಯೆಂದು ಕಾಣಬಹುದು. ಆದರೆ ಯೋಚಿಸಿ ನೋಡಿ. ಹಲಗೆ ಸಮವಾಗಿದೆಯೇ ಎಂದು ನೋಡಲು ಪಟ್ಟಿ ಬೇಕು. ಆ ಪಟ್ಟಿ ನೇರವಾಗಿದೆಯೇ ಎಂದು ನೋಡಲು ಇನ್ನೊಂದು ಸಮವಾದ ವಸ್ತು ಬೇಕು. ಮೊದಲನೆಯದು ಎಲ್ಲಿಂದ ಬರಬೇಕು? ಅಂದಿನ ಕೆಲಸಗಾರರು ಎರಡು ಹಲಗೆಗಳ ನಡುವೆ ಸಾಣೆಪುಡಿ ಹಾಕಿ ಒಂದರ ಮೇಲೊಂದನ್ನು ಉಜ್ಜುತ್ತಿದ್ದರು. ಇದರಲ್ಲಿ ಒಂದು ಮೋಸವಿದೆ. ಒಂದು ಹಲಗೆ ಸ್ವಲ್ಪ ಉಬ್ಬಿ, ಇನ್ನೊಂದು ಅದಕ್ಕೆ ತಕ್ಕಂತೆ ಬಟ್ಟಲಾಗಿ ತಗ್ಗಿದರೂ ಎರಡೂ ಚೆನ್ನಾಗಿಯೇ ಹೊಂದಿಕೊಳ್ಳುತ್ತವೆ. ಎರಡೂ ಸುಳ್ಳು, ಆದರೆ ಒಂದು ಇನ್ನೊಂದಕ್ಕೆ ಸಾಕ್ಷಿ.

ವಿಟ್‌ವರ್ತ್ ಮೂರನೆಯ ಹಲಗೆಯನ್ನು ತಂದ. ಒಂದನೆಯದು ಎರಡನೆಯದಕ್ಕೂ, ಎರಡನೆಯದು ಮೂರನೆಯದಕ್ಕೂ, ಮೂರನೆಯದು ಮತ್ತೆ ಒಂದನೆಯದಕ್ಕೂ ಹೊಂದಿಕೊಳ್ಳಬೇಕೆಂದರೆ ಮೂರೂ ಸಮತಟ್ಟಾಗಿರದೆ ಬೇರೆ ದಾರಿಯೇ ಇಲ್ಲ. ಉಬ್ಬಿದ ಎರಡು ಹಲಗೆಗಳು ಎದುರಾದ ಕೂಡಲೇ ಗುಟ್ಟು ಬಯಲಾಗುತ್ತದೆ. ಸಾಣೆಪುಡಿಯನ್ನೂ ಆತ ಬಿಟ್ಟುಬಿಟ್ಟ. ಒಂದು ಹಲಗೆಗೆ ತೆಳ್ಳಗೆ ಬಣ್ಣ ಹಚ್ಚಿ ಇನ್ನೊಂದರ ಮೇಲೆ ಇಟ್ಟು ಆಡಿಸಿದರೆ ಎತ್ತರವಿರುವ ಚುಕ್ಕೆಗಳಿಗೆ ಮಾತ್ರ ಬಣ್ಣ ಅಂಟುತ್ತದೆ. ಅಂಟಿದಲ್ಲಿ ಮಾತ್ರ ಹರಿತವಾದ ಉಳಿಯಿಂದ ಕೂದಲೆಳೆಯಷ್ಟು ಕೆರೆಯುವುದು, ಮತ್ತೆ ಬಣ್ಣ, ಮತ್ತೆ ಕೆರೆತ. ಮೂರು ಹಲಗೆಗಳ ಈ ವಿಚಾರ ಮೋಡ್ಸ್ಲೆಯ ಅಂಗಡಿಯಲ್ಲಿ ಮೊದಲೇ ಇತ್ತೆಂದು ವಾದಿಸುವವರೂ ಉಂಟು. ಇದ್ದಿರಲೂಬಹುದು. ಅದನ್ನು ಹಟ ಹಿಡಿದು ಕೊನೆಮುಟ್ಟಿಸಿ, 1840ರಲ್ಲಿ ಗ್ಲಾಸ್ಗೋದ ವಿದ್ವಾಂಸರ ಸಭೆಯಲ್ಲಿ ಎಲ್ಲರ ಮುಂದಿಟ್ಟವನು ವಿಟ್‌ವರ್ತ್.

ಕೋವಿಯ ಮರಗೆಲಸ ಬಲ್ಲವರಿಗೆ ಈ ಬಣ್ಣದ ಉಪಾಯ ಹೊಸತಲ್ಲ. ಅವರು ಆಕ್ಷನ್ನಿನ ತಳಕ್ಕೆ ದೀಪದ ಮಸಿ ಹಚ್ಚಿ ಮರದ ಹಾಸಿನಲ್ಲಿ ಇಟ್ಟು ಎತ್ತುತ್ತಾರೆ. ಮಸಿ ಹತ್ತಿದಲ್ಲಿ ಮಾತ್ರ ಕೆರೆಯುತ್ತಾರೆ. ಇಡೀ ಹಾಸು ಒಂದೇ ಸಮನೆ ಕಪ್ಪಾಗುವವರೆಗೆ ಇದು ನಡೆಯಬೇಕು. ಈಚಿನವರು ಎಪಾಕ್ಸಿ ಅಂಟನ್ನು ಹಾಸಿನಲ್ಲಿ ತುಂಬಿ, ಉಕ್ಕಿಗೆ ಅದು ಅಂಟಿಕೊಳ್ಳದಂತೆ ಮೇಣ ಸವರಿ ಒತ್ತಿ ಕೂರಿಸುತ್ತಾರೆ. ಗಟ್ಟಿಯಾದ ಮೇಲೆ ಉಕ್ಕಿನ ಅಚ್ಚೇ ಅಲ್ಲಿ ಮೂಡಿರುತ್ತದೆ. ಸ್ಕ್ರೂ ಹಾದುಹೋಗುವಲ್ಲಿ ಮರ ಜಜ್ಜಿಹೋಗದಂತೆ ಅಲ್ಯೂಮಿನಿಯಮ್ಮಿನ ಕೊಳವೆ ಇಡುವುದೂ ಉಂಟು. ಹಾಸು ಸರಿಯಾಗಿದೆಯೇ ಎಂದು ಪರೀಕ್ಷಿಸುವ ಕ್ರಮ ಬಹಳ ಸರಳ. ಖಾಲಿ ಕೋವಿಯ ಎರಡೂ ಸ್ಕ್ರೂಗಳನ್ನು ಬಿಗಿದು, ನಳಿಗೆಯೂ ಮರದ ತುದಿಯೂ ಸೇರುವಲ್ಲಿ ಬೆರಳಿಟ್ಟುಕೊಂಡು ಒಂದು ಸ್ಕ್ರೂವನ್ನು ಸಡಿಲಿಸಬೇಕು. ಹಾಸು ಸರಿಯಾಗಿದ್ದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಡಯಲ್ ಗೇಜ್ ಇಟ್ಟು ನೋಡಿದರೂ ಮುಳ್ಳು ಒಂದು ಇಂಚಿನ ಸಾವಿರದಲ್ಲಿ ಕೆಲವೇ ಭಾಗಗಳಷ್ಟು ಕದಲೀತು. ನಳಿಗೆ ಚಿಮ್ಮಿ ಮೇಲೆದ್ದರೆ, ಅಲ್ಲಿಯವರೆಗೆ ಸ್ಕ್ರೂ ಅದನ್ನು ಬಾಗಿಸಿ ಹಿಡಿದಿತ್ತೆಂದೇ ಅರ್ಥ.

ಬಿಗಿಯುವ ಕ್ರಮವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದರೆ, ಒದೆತ ತಾಳುವ ಉಕ್ಕಿನ ಗೂಟ ಹಿಂದಕ್ಕೆ ಸರಿದು ತನ್ನ ಜಾಗದಲ್ಲಿ ಕೂರುತ್ತದೆ. ಬಳಿಕ ಮುಂದಿನ ಸ್ಕ್ರೂ ಸ್ವಲ್ಪ, ಹಿಂದಿನದು ಸ್ವಲ್ಪ, ಹೀಗೆ ಸರದಿಯಂತೆ ಬಿಗಿಯುತ್ತಾ ಬರಬೇಕು. ಕೊನೆಯ ಬಿಗಿತವನ್ನು ಕೈಯ ಅಂದಾಜಿಗೆ ಬಿಡದೆ ಟಾರ್ಕ್ ವ್ರೆಂಚಿನಿಂದ ಅಳೆಯಬೇಕು: ಬರಿಯ ಮರವಾದರೆ ಸುಮಾರು 30ರಿಂದ 40 ಇಂಚ್-ಪೌಂಡ್, ಲೋಹದ ಕೊಳವೆ ಇದ್ದರೆ ಸುಮಾರು 65 ಎಂಬುದು ರೂಢಿ, ತಯಾರಿಸಿದವರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಎಷ್ಟು ಬಿಗಿ ಎಂಬುದಕ್ಕಿಂತಲೂ, ಪ್ರತಿ ಸಲವೂ ಅಷ್ಟೇ ಬಿಗಿ ಎಂಬುದು ಮುಖ್ಯ. ಹಾಸು ಸೊಟ್ಟಗಿದ್ದರೆ ಈ ಯಾವ ಅಂಕಿಯೂ ಉಪಕಾರಕ್ಕೆ ಬಾರದು. ತಿರುಪಿಗೆ ಹಿಡಿದಿಡುವ ಶಕ್ತಿಯುಂಟು, ತಿದ್ದುವ ಶಕ್ತಿಯಿಲ್ಲ. ವಿಟ್‌ವರ್ತ್ ಇದನ್ನು ಬೆಂಚಿನ ಮುಂದೆ ನಿಂತು ಕಲಿತಿದ್ದ. ಮುಂದೆ ಆತನ ಎದುರು ಕುಳಿತ ಅಧಿಕಾರಿಗಳಲ್ಲಿ ಹಲವರಿಗೆ ಆ ಭಾಗ್ಯವಿರಲಿಲ್ಲ.

1833ರಲ್ಲಿ ಆತ ಮ್ಯಾಂಚೆಸ್ಟರಿಗೆ ಮರಳಿ, ಯಂತ್ರ ತಿರುಗಿಸಲು ಬೇಕಾದ ಶಕ್ತಿಯ ಸಮೇತ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ತಾನು ಲಂಡನ್ನಿನಿಂದ ಬಂದ ಉಪಕರಣ ತಯಾರಕನೆಂದು ಬೋರ್ಡು ಹಾಕಿದ. ಲೇತು, ತೂತು ಕೊರೆಯುವ ಯಂತ್ರ, ಹತ್ತರಿ ಹೊಡೆಯುವ ಯಂತ್ರ ಎಲ್ಲವೂ ಅಲ್ಲಿಂದ ಹೊರಬಂದವು. ಅಲ್ಲಿಂದ ಮುಂದೆ ಆತನಿಗೆ ಹಣಕ್ಕೆ ಕೊರತೆಯಾಗಲಿಲ್ಲ.

ಆಗ ಇಂಗ್ಲೆಂಡಿನಲ್ಲಿ ಪ್ರತಿಯೊಂದು ವರ್ಕ್‌ಶಾಪಿಗೂ ತನ್ನದೇ ಆದ ಥ್ರೆಡ್ಡು. ಒಂದು ಅಂಗಡಿಯ ಅರ್ಧ ಇಂಚಿನ ಬೋಲ್ಟು ಇನ್ನೊಂದು ಅಂಗಡಿಯ ಅರ್ಧ ಇಂಚಿನ ನಟ್ಟಿಗೆ ಹೋಗುತ್ತಿರಲಿಲ್ಲ. ಎಂಜಿನಿನ ಒಂದು ಬೋಲ್ಟು ಕಳೆದುಹೋದರೆ ಅದನ್ನು ಮಾಡಿದವನ ಬಾಗಿಲಿಗೇ ಹೋಗಬೇಕಿತ್ತು; ಆತ ಹೇಳಿದಷ್ಟು ತೆರಬೇಕಿತ್ತು. ವಿಟ್‌ವರ್ತ್ ದೇಶದ ಹಲವು ವರ್ಕ್‌ಶಾಪುಗಳಿಂದ ಬೋಲ್ಟುಗಳನ್ನು ತರಿಸಿ ಒಂದೊಂದನ್ನೂ ಅಳೆದು ಸರಾಸರಿ ತೆಗೆದ. ತನ್ನ ಅಂಗಡಿಯ ಪದ್ಧತಿಯನ್ನೇ ಎಲ್ಲರ ಮೇಲೆ ಹೇರಲು ಹೋಗದೆ, ಇದ್ದವುಗಳ ನಡುವಣ ದಾರಿಯನ್ನು ಹುಡುಕಿದ್ದು ಆತನ ಜಾಣತನವೆಂದು ನಮಗೆ ತೋರುತ್ತದೆ. 1841ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಅದನ್ನು ಮಂಡಿಸಿದ: ಥ್ರೆಡ್ಡಿನ ಕೋನ 55 ಡಿಗ್ರಿ, ತುದಿಯೂ ಬುಡವೂ ದುಂಡಗೆ, ಕಾಲಿಂಚಿನ ಬೋಲ್ಟಿಗೆ ಇಂಚಿಗೆ 20 ಥ್ರೆಡ್ಡು, ಅರ್ಧ ಇಂಚಿಗೆ 12, ಒಂದು ಇಂಚಿಗೆ 8. ರೈಲ್ವೆಗಳು ಒಪ್ಪಿಕೊಂಡವು, ಹಡಗು ಕಟ್ಟುವವರು ಒಪ್ಪಿಕೊಂಡರು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶಕ್ಕೆ ಬಂದ ಎಂಜಿನುಗಳಲ್ಲಿಯೂ ಪಂಪುಗಳಲ್ಲಿಯೂ ಇದ್ದುದು ಇದೇ ಥ್ರೆಡ್ಡು. ಹಳೆಯ ಗ್ಯಾರೇಜುಗಳಲ್ಲಿ ಮಿಲಿಮೀಟರಿನ ಸ್ಪಾನರು ಯಾವುದೂ ಹಿಡಿಸದೆ ಮೆಕ್ಯಾನಿಕ್ಕನು ಗೊಣಗುವಾಗ, ಆತನಿಗೆ ಎದುರಾಗಿರುವುದು ಹೆಚ್ಚಾಗಿ ವಿಟ್‌ವರ್ತನೇ.

ಆತನ ಅಳತೆಯ ಯಂತ್ರದ ಬಗ್ಗೆ ಗಣಿತದ ಮಕ್ಕಳಿಗಾಗಿ ಎರಡು ಮಾತು. ಇಂಚಿಗೆ 20 ಥ್ರೆಡ್ಡಿನ ಒಂದು ತಿರುಪು. ಅದರ ತಲೆಗೆ 200 ಹಲ್ಲಿನ ಚಕ್ರ. ಆ ಚಕ್ರವನ್ನು ಒಂದೊಂದೇ ಹಲ್ಲು ಸರಿಸುವ ಇನ್ನೊಂದು ಚಕ್ರದ ಅಂಚಿನಲ್ಲಿ 250 ಗೆರೆ. ಮೂರನ್ನೂ ಗುಣಿಸಿದರೆ 10 ಲಕ್ಷ. ಅಂದರೆ ಒಂದು ಗೆರೆಯಷ್ಟು ತಿರುಗಿಸಿದರೆ ತಿರುಪು ಇಂಚಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಮುಂದೆ ಸರಿಯುತ್ತದೆ. ಉಕ್ಕಿನ ಸರಳಿಗೆ ಬೆರಳು ತಾಗಿಸಿದರೆ ಆ ಬಿಸಿಗೆ ಅದು ಹಿಗ್ಗುವುದೂ ಇದರಲ್ಲಿ ತಿಳಿಯುತ್ತಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜನ ಇದನ್ನು ನೋಡಿ ಬೆರಗಾದರು. ಇಷ್ಟೆಲ್ಲ ಮಾಡಿದವನು ಊರಿನ ದೊಡ್ಡವರ ನಡುವೆ ಕುಳಿತಾಗಲೂ ತನ್ನ ಸೀಮೆಯ ಒರಟು ಲ್ಯಾಂಕಾಶೈರ್ ಇಂಗ್ಲಿಷನ್ನೇ ಆಡುತ್ತಿದ್ದ. ಅದಕ್ಕಾಗಿ ನಕ್ಕವರಿದ್ದರು. ಆತ ನುಡಿಯನ್ನು ಬದಲಿಸಿಕೊಳ್ಳಲಿಲ್ಲ.

ಕ್ರೈಮಿಯಾ ಯುದ್ಧ ನಡೆಯುತ್ತಿದ್ದ 1854ರಲ್ಲಿ ಸರಕಾರ ಆತನಲ್ಲಿಗೆ ಬಂತು. ಎನ್‌ಫೀಲ್ಡ್ ರೈಫಲ್ಲುಗಳನ್ನು ಬೇಗ ಬೇಗ ತಯಾರಿಸುವ ಯಂತ್ರಗಳು ಬೇಕಾಗಿದ್ದವು. ಬೇರೆ ಯಾರಾದರೂ ಆಗಿದ್ದರೆ ಆರ್ಡರು ಹಿಡಿದು ಹಣ ಎಣಿಸಿಕೊಳ್ಳುತ್ತಿದ್ದರು. ಈತ, ಒಂದು ರೈಫಲ್ ಚೆನ್ನಾಗಿ ಗುರಿ ಮುಟ್ಟುವುದಕ್ಕೂ ಇನ್ನೊಂದು ತಪ್ಪುವುದಕ್ಕೂ ಕಾರಣವೇನೆಂದು ತಿಳಿಯದೆ ಯಂತ್ರ ಮಾಡಲಾರೆನೆಂದು ಬಿಟ್ಟ! ಕಾರಣ ತಿಳಿಯಲು ಗಾಳಿ ಬೀಸದ ಜಾಗ ಬೇಕಿತ್ತು. ಸರಕಾರದ ಖರ್ಚಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಆತನ ಮನೆಯ ಹಿತ್ತಲಿನಲ್ಲಿಯೇ 500 ಗಜ ಉದ್ದದ ಮುಚ್ಚಿದ ಚಾವಡಿ ಎದ್ದಿತು. ಬಿರುಗಾಳಿಗೆ ಅದು ಒಮ್ಮೆ ಕುಸಿದುಬಿದ್ದು ಮತ್ತೆ ಕಟ್ಟಬೇಕಾಯಿತು. ಒಳಗೆ ದಾರಿಯುದ್ದಕ್ಕೂ ತೆಳು ಕಾಗದದ ಪರದೆಗಳನ್ನು ತೂಗಹಾಕಿ, ಗುಂಡು ಪ್ರತಿಯೊಂದರಲ್ಲಿ ಮಾಡಿದ ತೂತನ್ನು ಅಳೆದು ಅದರ ಪಯಣವನ್ನು ಗುರುತಿಸಿದ.

ಎನ್‌ಫೀಲ್ಡ್‌ನ ನಳಿಗೆಯ ಒಳಗಲ 0.577 ಇಂಚು, ಅದರೊಳಗಿನ ಸುರುಳಿ ಒಂದು ಸುತ್ತು ತಿರುಗಲು 78 ಇಂಚು ಬೇಕಿತ್ತು. ವಿಟ್‌ವರ್ತ್ ಒಳಗಲವನ್ನು 0.451 ಇಂಚಿಗೆ ಇಳಿಸಿದ. ಸುರುಳಿಯನ್ನು 20 ಇಂಚಿಗೆ ಒಂದು ಸುತ್ತಾಗಿಸಿದ. ದುಂಡು ತೂತಿನ ಬದಲು ಆರು ಮೂಲೆಯ ತೂತು ಕೊರೆದು ಅದಕ್ಕೆ ಹೊಂದುವ ಉದ್ದನೆಯ ಗುಂಡು ಮಾಡಿದ. ಉಜ್ಜಿ ಸಮ ಮಾಡಿದ ಹಲಗೆಗಳಂತೆ ಗುಂಡೂ ನಳಿಗೆಯೂ ಒಂದನ್ನೊಂದು ತಾಗಿ ಹೋಗಬೇಕೆಂಬ ಅದೇ ಹಳೆಯ ಹಟ. 1857ರಲ್ಲಿ ಹೈತ್ ಎಂಬಲ್ಲಿ ಎರಡೂ ರೈಫಲ್ಲುಗಳನ್ನು ಎದುರುಬದುರಾಗಿ ಪರೀಕ್ಷಿಸಿದರು. 500 ಗಜ ದೂರದಲ್ಲಿ ಎನ್‌ಫೀಲ್ಡ್‌ನ ಗುಂಡುಗಳು ಸರಾಸರಿ 2 ಅಡಿಗೂ ಮಿಕ್ಕಿ ಚದರಿದರೆ ವಿಟ್‌ವರ್ತನವು ಸುಮಾರು 4.5 ಇಂಚಿನೊಳಗೆ ನಿಂತವು. 1,400 ಗಜದಲ್ಲಿ ಎನ್‌ಫೀಲ್ಡ್ ಲೆಕ್ಕಕ್ಕೇ ಸಿಗಲಿಲ್ಲ.

ಹಾಗಿದ್ದರೂ ಸೈನ್ಯ ಅದನ್ನು ತನ್ನ ರೈಫಲ್ಲಾಗಿ ಒಪ್ಪಿಕೊಳ್ಳಲಿಲ್ಲ. ನಳಿಗೆ ಕಿರಿದಾಯಿತು, ಮದ್ದಿನ ಮಸಿ ಬೇಗ ಕಟ್ಟಿಕೊಳ್ಳುತ್ತದೆ, ಖರ್ಚು ಹೆಚ್ಚು ಎಂಬ ಆಕ್ಷೇಪಗಳು ಬಂದವು. ಮಸಿಯ ಮಾತು ಪೂರ್ಣ ಸುಳ್ಳಲ್ಲ; ಗುಂಡೂ ನಳಿಗೆಯೂ ಅಷ್ಟು ಹೊಂದಿಕೊಂಡಿದ್ದ ಕೋವಿಯನ್ನು ಕೆಸರಿನಲ್ಲಿ ಹೊರಳಾಡುವ ಸಿಪಾಯಿಯ ಕೈಗೆ ಕೊಡುವುದು ಸುಲಭವಲ್ಲ. ಆದರೆ ನಳಿಗೆ ಕಿರಿದೆಂದು ಹೇಳಿದವರೇ 1871ರಲ್ಲಿ 0.45 ಇಂಚಿನ ಮಾರ್ಟಿನಿ-ಹೆನ್ರಿ ರೈಫಲ್ಲನ್ನು ಸ್ವೀಕರಿಸಿದರು. ಆಗ ವಿಟ್‌ವರ್ತನ ಹೆಸರನ್ನು ಯಾರೂ ಎತ್ತಲಿಲ್ಲ.

ನಡುವೆ 1860ರ ಜುಲೈ 2ರಂದು ಒಂದು ಸಂಗತಿ ನಡೆಯಿತು. ವಿಂಬಲ್ಡನ್ ಬಯಲಿನಲ್ಲಿ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಕೂಟ. ವಿಕ್ಟೋರಿಯಾ ರಾಣಿ ಮೊದಲ ಗುಂಡು ಹಾರಿಸಬೇಕು. ವಿಟ್‌ವರ್ತ್ ತನ್ನ ರೈಫಲ್ಲನ್ನು ಕಬ್ಬಿಣದ ಪೀಠವೊಂದರಲ್ಲಿ ಬಂಧಿಸಿ, ಮೊದಲೇ ಗುರಿ ಹೊಂದಿಸಿ ಕಾದು ನಿಂತಿದ್ದ. ರಾಣಿ ಬಂದು ರೇಶಿಮೆಯ ದಾರವನ್ನು ಎಳೆದಳು. 400 ಗಜದಾಚೆಯ ಗುರಿಹಲಗೆಯಲ್ಲಿ ಗುಂಡು ನಟ್ಟ ನಡುವಿನಿಂದ ಒಂದೂಕಾಲು ಇಂಚಿನಷ್ಟು ಮಾತ್ರ ಆಚೆ ಬಿತ್ತು. ಜನರು ರಾಣಿಗೆ ಜಯಕಾರ ಹಾಕಿದರು. ನಿಜವಾಗಿ ಆ ಗುಂಡನ್ನು ಹೊಡೆದದ್ದು ಪೀಠ. ಕದಲದಂತೆ ಕುಳಿತ ಉಕ್ಕು, ಸರಿಯಾಗಿ ಬಿಗಿದ ತಿರುಪುಗಳು.

ಇದೇ ನಿಖರತೆ ಇನ್ನೊಂದು ಖಂಡದಲ್ಲಿ ಬೇರೆ ಕೆಲಸಕ್ಕೆ ಒದಗಿತು. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಹೊರಟ ದಕ್ಷಿಣದ ಸೈನ್ಯದವರು ಈ ರೈಫಲ್ಲುಗಳನ್ನು ಕೊಂಡು ಆಯ್ದ ಗುರಿಕಾರರ ಕೈಗೆ ಕೊಟ್ಟರು. 1864ರ ಮೇ 9ರಂದು ವರ್ಜೀನಿಯಾದ ಸ್ಪಾಟ್ಸಿಲ್ವೇನಿಯಾದಲ್ಲಿ ಉತ್ತರದ ಜನರಲ್ ಜಾನ್ ಸೆಡ್ಜ್‌ವಿಕ್, ಅಷ್ಟು ದೂರದಿಂದ ಆನೆಗೆ ಹೊಡೆಯಲೂ ಅವರಿಂದಾಗದೆಂದು ತನ್ನವರಿಗೆ ಧೈರ್ಯ ಹೇಳುತ್ತಿದ್ದಾಗಲೇ ಕಣ್ಣಿನ ಕೆಳಗೆ ಗುಂಡು ತಗಲಿ ಸತ್ತ. ಅದು ವಿಟ್‌ವರ್ತ್ ರೈಫಲ್ಲಿನ ಗುಂಡೆಂದೇ ಬಹುಮಂದಿ ನಂಬಿದ್ದಾರೆ. ಮಾಡಿದವನ ಪಾಲಿಗೆ ಇದರಲ್ಲಿ ಎಷ್ಟು ಎಂಬ ಪ್ರಶ್ನೆಯನ್ನು ನಮ್ಮ ತರಗತಿಯ ಮಕ್ಕಳು ಕೇಳಿಯೇ ಕೇಳುತ್ತಾರೆ. ನಾವು ಪ್ರತಿ ಸಲವೂ ತಡವರಿಸಿದ್ದೇವೆ.

ಆ ಬಳಿಕ ಆತ ಫಿರಂಗಿಗಳಿಗೆ ಕೈಹಾಕಿ ಆರ್ಮ್‌ಸ್ಟ್ರಾಂಗ್ ಎಂಬ ಎದುರಾಳಿಯೊಡನೆ ವರ್ಷಗಟ್ಟಲೆ ಜಗಳಾಡಿದ. ಕರಗಿದ ಉಕ್ಕನ್ನು ನೀರಿನ ಒತ್ತಡದ ಯಂತ್ರದಿಂದ ಅದುಮಿ, ಒಳಗೆ ಗುಳ್ಳೆ ಉಳಿಯದಂತೆ ಎರಕ ಹೊಯ್ಯುವ ಕ್ರಮವನ್ನು ಕಂಡುಹಿಡಿದ. 1869ರಲ್ಲಿ ಬ್ಯಾರೊನೆಟ್ ಪದವಿ ಬಂತು. ಮನೆಯ ಬಾಳು ಅಷ್ಟು ಹಸನಾಗಿರಲಿಲ್ಲ. ಫ್ಯಾನಿ ಕೊನೆಯ ವರ್ಷಗಳಲ್ಲಿ ಬೇರೆಯೇ ಇದ್ದು 1870ರಲ್ಲಿ ತೀರಿಕೊಂಡಳು. ಮರುವರ್ಷ ಆತ ಮೇರಿ ಲೂಯಿಸಾ ಓರೆಲ್ಲಳನ್ನು ಮದುವೆಯಾಗಿ ಡರ್ಬಿಶೈರಿನ ಡಾರ್ಲಿ ಡೇಲಿನಲ್ಲಿ ನೆಲೆಸಿದ. ಮಕ್ಕಳಿರಲಿಲ್ಲ.

ಮಾಸ್ತರಿಕೆ ಮಾಡುವ ನಮಗೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸುವುದು 1868ರಲ್ಲಿ ಆತ ಮಾಡಿದ ಏರ್ಪಾಡು. ವರ್ಷಕ್ಕೆ ತಲಾ 100 ಪೌಂಡಿನ 30 ವಿದ್ಯಾರ್ಥಿವೇತನಗಳಿಗೆ ಹಣ ಇಟ್ಟ. ಪುಸ್ತಕದ ವಿದ್ಯೆ ಬಲ್ಲವನು ಉಪಕರಣ ಹಿಡಿದು ಕೆಲಸ ಮಾಡಿ ತೋರಿಸಬೇಕು. ಕೈಕೆಲಸ ಬಲ್ಲವನು ಗಣಿತದ ಪ್ರಶ್ನೆಗಳಿಗೂ ಉತ್ತರ ಬರೆಯಬೇಕು. ನಮ್ಮಲ್ಲಿ ಅಂಕ ಕಡಿಮೆ ಬಂದವರನ್ನು ಫಿಟ್ಟರ್ ಕೆಲಸಕ್ಕೆ ಕಳುಹಿಸುವಾಗ ತಂದೆತಾಯಿಯರ ಮುಖದಲ್ಲಿ ಕಾಣುವ ಸಂಕಟವನ್ನು ನಾವು ಬಲ್ಲೆವು. ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಅಂಥ ಮುಖಗಳು ಸ್ಟಾಫ್ ರೂಮಿನ ಬಾಗಿಲಿನಲ್ಲಿ ಪ್ರತಿ ವರ್ಷವೂ ನಿಲ್ಲುತ್ತವೆ. ವಿಟ್‌ವರ್ತನ ಹೆಸರಿನ ವಿದ್ಯಾರ್ಥಿವೇತನ ಇಂಗ್ಲೆಂಡಿನಲ್ಲಿ ಈಗಲೂ ಇದೆ. ಅದು ಸಿಗುವುದು ಬೆಂಚಿನ ಮುಂದೆ ಕೆಲಸ ಕಲಿತು ಬಂದ ಹುಡುಗ ಹುಡುಗಿಯರಿಗೆ.

1887ರ ಜನವರಿ 22ರಂದು ಮಾಂಟೆ ಕಾರ್ಲೊದಲ್ಲಿ ಆತ ತೀರಿಕೊಂಡ. ಡಾರ್ಲಿ ಡೇಲಿನ ಇಗರ್ಜಿಯ ಅಂಗಳದಲ್ಲಿ ಸಮಾಧಿ ಮಾಡಿದರು. ಉಳಿದ ಹಣದಲ್ಲಿ ಮ್ಯಾಂಚೆಸ್ಟರಿಗೆ ಚಿತ್ರಶಾಲೆ ಬಂತು, ಆಸ್ಪತ್ರೆಗೂ ಪಾಲು ಸಿಕ್ಕಿತು. ಹತ್ತು ವರ್ಷಗಳ ಬಳಿಕ, 1897ರಲ್ಲಿ, ಆತನ ಕಂಪೆನಿ ಅದೇ ಹಳೆಯ ಎದುರಾಳಿ ಆರ್ಮ್‌ಸ್ಟ್ರಾಂಗನ ಕಂಪೆನಿಯೊಡನೆ ಕೂಡಿಹೋಯಿತು. ಥ್ರೆಡ್ಡಿನ ರಾಜ್ಯಭಾರ ಇನ್ನೂ ಐವತ್ತು ವರ್ಷ ನಡೆಯಿತು. ಎರಡನೆಯ ಮಹಾಯುದ್ಧದಲ್ಲಿ 60 ಡಿಗ್ರಿಯ ಅಮೆರಿಕನ್ ಬೋಲ್ಟುಗಳೂ 55 ಡಿಗ್ರಿಯ ಇಂಗ್ಲಿಷ್ ನಟ್ಟುಗಳೂ ಹೊಂದದೆ ಪೇಚಾಟವಾದುದರಿಂದ, 1948ರಲ್ಲಿ ಬ್ರಿಟನ್, ಅಮೆರಿಕ ಮತ್ತು ಕೆನಡಾ ಸೇರಿ 60 ಡಿಗ್ರಿಯ ಹೊಸ ಪದ್ಧತಿಯನ್ನು ಒಪ್ಪಿದವು. ಕಾಲಿಂಚಿಗೆ 20 ಥ್ರೆಡ್ಡು ಎಂಬ ಆತನ ಲೆಕ್ಕವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನಮ್ಮೂರ ಮದುವೆಗಳಲ್ಲಿ ಫೋಟೋದವನು ಕ್ಯಾಮರಾವನ್ನು ಮುಕ್ಕಾಲಿಗೆ ಬಿಗಿಯುವ ಸ್ಕ್ರೂ ಇಂದಿಗೂ ಅದೇ ಅಳತೆಯದು.